ಹೊಸ ವಾಷರ್ ಹಾಕಿದರೂ ನಲ್ಲಿ ಯಾಕೆ ಸೋರುತ್ತೆ?

ವಾಷರ್ ಬದಲಾಯಿಸಿ ತಿಂಗಳೊಳಗೆ ಅಡುಗೆಮನೆ ನಲ್ಲಿ ಮತ್ತೆ ತೊಟ್ಟಿಕ್ಕುತ್ತಿದೆ, ಪ್ಲಂಬರ್ ಇಡೀ ನಲ್ಲಿಯೇ ಹೊಸದು ಹಾಕಿಸಿ ಅಂತಿದ್ದಾರೆ ಅಂದಿರಿ. ನಿಮ್ಮದು ಬೋರ್‌ವೆಲ್ ನೀರು ಅಲ್ವಾ? ಅದರ ಸುಣ್ಣ ನಲ್ಲಿಯೊಳಗೆ ಕಟ್ಟಿಕೊಳ್ಳಬಹುದು. ನನಗೆ ಅನುಮಾನ ಇರುವುದು ವಾಷರ್ ಮೇಲಲ್ಲ, ಅದು ಕೂರುವ ಹಿತ್ತಾಳೆ ಸೀಟ್ ಮೇಲೆ.

ಸಿಂಕ್ ಕೆಳಗಿನ ವಾಲ್ವ್ ಮುಚ್ಚಿ. ಅದಿಲ್ಲದಿದ್ದರೆ ಟೆರೇಸ್ ಟ್ಯಾಂಕಿನ ಗೇಟ್ ವಾಲ್ವ್. ಪೈಪಿನ ನೀರು ಖಾಲಿಯಾಗಲಿ. ಒಂದು ಕೈಯಲ್ಲಿ ನಲ್ಲಿಯನ್ನು ಗಟ್ಟಿಯಾಗಿ ಹಿಡಿದೇ ಸ್ಪ್ಯಾನರ್ ತಿರುಗಿಸಿ, ಇಲ್ಲದಿದ್ದರೆ ಗೋಡೆಯೊಳಗಿನ ಪೈಪ್ ಅಲುಗಾಡುತ್ತದೆ. ಸ್ಪಿಂಡಲ್ (ಹ್ಯಾಂಡಲ್ ಜೊತೆ ತಿರುಗುವ ಒಳಗಿನ ಕಡ್ಡಿ) ಬಿಚ್ಚಿದ ಮೇಲೆ ಒಳಗೆ ಟಾರ್ಚ್ ಬಿಡಿ, ಬೆರಳಿನಿಂದ ಸೀಟಿನ ಅಂಚು ಸವರಿ. ಬಿಳಿ ಸುಣ್ಣದಂಥ ಪದರ ಇದ್ದರೆ ವಿನೆಗರ್‌ನಲ್ಲಿ ಅದ್ದಿದ ಬಟ್ಟೆ ತುರುಕಿ ಅರ್ಧ ಗಂಟೆ ಬಿಟ್ಟು ಉಜ್ಜಿ. ಬೆರಳಿಗೆ ಗೀರು, ಗುಂಡಿ ತಗುಲಿದರೆ ಎಷ್ಟು ವಾಷರ್ ಹಾಕಿದರೂ ಸುಮ್ನೆ. ಸೀಟ್ ತೀಡುವ ಟೂಲ್ ಇರುವ ಪ್ಲಂಬರ್ ಸಿಕ್ಕರೆ ಸರಿ, ಇಲ್ಲದಿದ್ದರೆ ಹೊಸ ನಲ್ಲಿಯೇ ಗತಿ.

ವಾಷರ್‌ಗೆ ಬೆಂಗಳೂರಿನ ಎಸ್.ಪಿ. ರೋಡ್ ಮಾರುಕಟ್ಟೆವರೆಗೆ ಹೋಗಬೇಡಿ. ಹಳೆಯದನ್ನು ಹತ್ತಿರದ ಹಾರ್ಡ್‌ವೇರ್ ಅಂಗಡಿಗೆ ಒಯ್ದು ತೋರಿಸಿ. ಮನೆ ನಲ್ಲಿಗಳಿಗೆ ಸಾಮಾನ್ಯವಾಗಿ ಅರ್ಧ ಇಂಚಿನದು. ಜಾಸ್ತಿ ಬಿಗಿಯಾಗಿ ಮುಚ್ಚುವ ಅಭ್ಯಾಸ ಬಿಡಿ, ಅದರಿಂದಲೂ ರಬ್ಬರ್ ಬೇಗ ಸವೆಯುತ್ತೆ.

ಹ್ಯಾಂಡಲ್ ಕಾಲು ಸುತ್ತಿಗೇ ನಿಲ್ಲುವಂಥದ್ದಾದರೆ ಇದೆಲ್ಲ ಬೇಡ. ಅದರಲ್ಲಿ ಸಾಮಾನ್ಯವಾಗಿ ರಬ್ಬರ್ ವಾಷರ್ ಬದಲು ಸೆರಾಮಿಕ್ ಕಾರ್ಟ್ರಿಡ್ಜ್ (ಪಿಂಗಾಣಿ ಬಿಲ್ಲೆಗಳಿರುವ ಬಿಡಿಭಾಗ) ಇರುತ್ತದೆ, ಅದನ್ನೇ ಬದಲಾಯಿಸಿ.