ಏರಿನಲ್ಲಿ ಮಾತ್ರ ಬಿಸಿಯೇರುವ ಸೈಡ್-ಬೈ-ಸೈಡ್ ಗಾಡಿ
ನಿಮ್ಮ ಸೈಡ್-ಬೈ-ಸೈಡ್ (ಪಕ್ಕಪಕ್ಕ ಸೀಟಿರುವ, ಕಚ್ಚಾ ದಾರಿಯ ನಾಲ್ಕು ಚಕ್ರದ ಗಾಡಿ) ಗೋವಾದ ಫೋಂಡಾ ಕಡೆಯ ಏರು ನಿಧಾನ ಹತ್ತುವಾಗ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, 110 ಡಿಗ್ರಿ ದಾಟುತ್ತೆ, ವೇಗ ಹಿಡಿದ ಕೂಡಲೇ ಇಳಿಯುತ್ತೆ ಅಂದಿರಲ್ಲ, ಹಾಗಿದ್ದರೆ ಬಹುಶಃ ರೇಡಿಯೇಟರಿಗೆ ಗಾಳಿ ಸಾಲುತ್ತಿಲ್ಲ. ಅಲ್ಲಿನ ಕೆಂಪು ಮಣ್ಣು ಅದರ ತೆಳು ತಗಡಿನ ರೆಕ್ಕೆಗಳ ನಡುವೆ ಇಟ್ಟಿಗೆಯ ಹಾಗೆ ಕೂತುಬಿಡುತ್ತೆ. ಮುಂದಿನಿಂದ ನೋಡಿದರೆ ಗೊತ್ತಾಗಲ್ಲ, ನನಗೂ ಗೊತ್ತಾಗಿರಲಿಲ್ಲ.

ಮೊದಲು ಎಂಜಿನ್ ಪೂರ್ತಿ ತಣ್ಣಗಾಗಲಿ. ಫ್ಯಾನ್ ಬಿಚ್ಚಿ, ಹಿಂದಿನಿಂದ ಮುಂದಕ್ಕೆ ಸಾದಾ ಪೈಪಿನಲ್ಲಿ ನೀರು ಬಿಡಿ. ಪ್ರೆಷರ್ ವಾಷರ್ ಬೇಡ, ರೆಕ್ಕೆ ಮಡಚಿಕೊಳ್ಳುತ್ತೆ. ಫ್ಯಾನಿಗೆ ನೇರ 12 ವೋಲ್ಟ್ ಕೊಟ್ಟು ತಿರುಗುತ್ತಾ, ಗಾಳಿಯನ್ನು ಹಿಂದಕ್ಕೇ ಎಳೆಯುತ್ತಾ ನೋಡಿ. ವೈರು ಉಲ್ಟಾ ಕೊಡುವ ಮೆಕ್ಯಾನಿಕ್ಕುಗಳೂ ಇದ್ದಾರೆ. ಆಮೇಲೆ ಕೂಲೆಂಟ್, ಡಿಸ್ಟಿಲ್ಡ್ ನೀರು ಅರ್ಧರ್ಧ ತುಂಬಿ, ಮುಂಭಾಗ ಎತ್ತಿ ನಿಲ್ಲಿಸಿ ಒಳಗಿನ ಗಾಳಿ ತೆಗೆಯಿರಿ.

ಇಷ್ಟಾದರೂ ಇಳಿಯದಿದ್ದರೆ ಮಾತ್ರ ಮಾರ್ಪಾಡಿಗೆ ಕೈಹಾಕಿ. ಅಗ್ಗದ್ದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಭಾಗ) ಹಾಕಿ ಫ್ಯಾನಿಗೆ ಡ್ಯಾಶಿನಲ್ಲೊಂದು ಸ್ವಿಚ್: ಏರು ಶುರುವಾಗುವ ಮುಂಚೆಯೇ ಒತ್ತಿಕೊಳ್ಳಬಹುದು. ದುಬಾರಿಯದ್ದು, ರೇಡಿಯೇಟರನ್ನು ಸೀಟಿನ ಹಿಂದೆ ಎತ್ತರಕ್ಕೆ ಒಯ್ಯುವುದು. ಕೆಸರು ತಪ್ಪುತ್ತೆ, ಪೈಪು ಉದ್ದವಾಗುತ್ತೆ. ಥರ್ಮೋಸ್ಟಾಟ್ (ಬಿಸಿ ನೋಡಿ ಕೂಲೆಂಟ್ ಹರಿವು ಹತೋಟಿಯಲ್ಲಿಡುವ ಕವಾಟ) ಕಿತ್ತುಹಾಕಿ ಅನ್ನುವವರ ಮಾತು ಮಾತ್ರ ಕೇಳಬೇಡಿ.

ತೊಳೆದ ಮೇಲೆ ವೇಗದಲ್ಲೂ ಬಿಸಿಯೇರಿದರೆ ನನ್ನ ಊಹೆ ತಪ್ಪು. ಆಗ ಕೂಲೆಂಟ್ ಓಡಿಸುವ ವಾಟರ್ ಪಂಪ್, ಎಂಜಿನ್ ಹೆಡ್ಡಿನ ಕೆಳಗಿನ ಸೀಲಾದ ಹೆಡ್ ಗ್ಯಾಸ್ಕೆಟ್ ಎರಡನ್ನೂ ಮೆಕ್ಯಾನಿಕ್ಕಿಗೆ ತೋರಿಸಿ.