ಗ್ರೇಸ್ ಅಮೆಚೂರ್ ಆಗಿದ್ರೂ ದುಡ್ಡು ಹೇಗೆ ಬಂತು?

ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡ್ ಕ್ರಿಕೆಟಿಗ ಡಬ್ಲ್ಯು.ಜಿ. ಗ್ರೇಸ್ ಅಮೆಚೂರ್ ಅಂದ್ಮೇಲೆ ಕ್ರಿಕೆಟ್ಟಲ್ಲಿ ದುಡ್ಡು ಮಾಡಿದ್ದು ಹೇಗೆ ಅಂತ ಕೇಳಿದ್ರಲ್ಲ ಸರ್, ಆಗಿನ ಇಂಗ್ಲೆಂಡಲ್ಲಿ ಅಮೆಚೂರ್ ಅನ್ನೋದು ಅಂತಸ್ತಿನ ಲೆಕ್ಕ, ಸಂಬಳ ತಗೊಳ್ಳೋ ಹಾಗಿಲ್ಲ ಆದ್ರೆ ಖರ್ಚು ಅಂತ ಹೇಳಿ ತಗೋಬಹುದಿತ್ತು. 1873-74ರ ಆಸ್ಟ್ರೇಲಿಯಾ ಟೂರಿಗೆ ಇವರಿಗೆ 1,500 ಪೌಂಡ್, ಜೊತೆಗೆ ಹೋದ ಪ್ರೊಫೆಷನಲ್‌ಗಳಿಗೆ, ಅಂದ್ರೆ ದುಡ್ಡಿಗೆ ಆಡೋರಿಗೆ, ತಲಾ 170, ಹಡಗಲ್ಲೂ ಅವರಿಗೆ ಸೆಕೆಂಡ್ ಕ್ಲಾಸೇ. ನನಗಂತೂ ಇದು ದೊಡ್ಡ ಅನ್ಯಾಯ ಅನ್ಸುತ್ತೆ.

ಆದ್ರೆ ಜನ ದುಡ್ಡು ಕೊಟ್ಟು ಬರ್ತಿದ್ದಿದ್ದು ಗ್ರೇಸ್ ಬ್ಯಾಟಿಂಗ್ ನೋಡೋಕೇ, ಅದೂ ನಿಜ. 1895ರಲ್ಲಿ 46ನೇ ವಯಸ್ಸಿಗೆ ಮೇ ತಿಂಗಳೊಂದರಲ್ಲೇ ಸಾವಿರ ರನ್ ಹೊಡೆದು, ನೂರನೇ ಸೆಂಚುರಿನೂ ಮುಗಿಸಿದಾಗ ಡೈಲಿ ಟೆಲಿಗ್ರಾಫ್ ಪತ್ರಿಕೆಯವರು ಇವರಿಗೋಸ್ಕರ ಓದುಗರ ಹತ್ರ ಒಂದೊಂದು ಶಿಲ್ಲಿಂಗ್ ಎತ್ತಿದ್ರು, ಬೇರೆ ಕಡೆಯದ್ದೂ ಸೇರಿ 9,000 ಪೌಂಡ್ ದಾಟ್ತು.