ಬೀದಿ ಹೊಸದಾದರೆ ವ್ಯಾಪಾರ ವಾಪಸ್ ಬರುತ್ತಾ?

"ನಮ್ಮೂರ ಹಳೇ ಪೇಟೆ ಬೀದಿಯಲ್ಲಿ ವ್ಯಾಪಾರ ಬಿದ್ದುಹೋಗಿದೆ. ನಗರಸಭೆಯವರು ಬೀದಿ ಅಗೆದು ಹೊಸದಾಗಿ ಮಾಡುತ್ತಾರಂತೆ. ಗಿರಾಕಿಗಳು ವಾಪಸ್ ಬರುತ್ತಾರಾ?" ಅಂತ ಕೇಳಿದ್ದೀರಿ.

ಬರಬಹುದು. ಆದರೆ ಅವರು ಬರುವವರೆಗೆ ನಿಮ್ಮ ಅಂಗಡಿ ಉಳಿದಿರಬೇಕಲ್ವಾ, ಕಷ್ಟ ಇರುವುದು ಅಲ್ಲೇ.

ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲಿ ಟೆಂಡರ್‌ಶ್ಯೂರ್ ಅನ್ನುವ ಯೋಜನೆಯಲ್ಲಿ ಬೀದಿ ಅಗೆದು ಹೊಸದಾಗಿ ಮಾಡುವ ಕೆಲಸ ನಡೆದಾಗ ನಾನು ಅಲ್ಲೇ ಒಂದು ಸಣ್ಣ ಅಂಗಡಿಯಲ್ಲಿದ್ದೆ. ಆ ಬೀದಿ ಬ್ರಿಗೇಡ್ ರೋಡಿನಿಂದ ಸೇಂಟ್ ಮಾರ್ಕ್ಸ್ ರೋಡಿನವರೆಗೆ, ಹೆಚ್ಚೆಂದರೆ ಹತ್ತು ನಿಮಿಷದ ನಡಿಗೆ. ಅಷ್ಟಕ್ಕೇ 2017ರ ಫೆಬ್ರವರಿಯಿಂದ 2018ರ ಮಾರ್ಚ್‌ವರೆಗೆ ಹಿಡಿಯಿತು. ನಮ್ಮ ಬಾಗಿಲ ಮುಂದೆ ಗುಂಡಿ, ಅದರ ಮೇಲೊಂದು ಹಲಗೆ. ವಯಸ್ಸಾದ ಗಿರಾಕಿಯೊಬ್ಬರು ಹಲಗೆ ಮೇಲೆ ಒಂದು ಕಾಲಿಟ್ಟು ನೋಡಿ, ಅಲ್ಲಿಂದಲೇ ಕೈ ಬೀಸಿ ಹೋದರು. ನಾನಂತೂ ದಿನಕ್ಕೆ ಮೂರು ಸಲ ಧೂಳು ಒರೆಸುತ್ತಿದ್ದೆ.

ಹಾಗಂತ ಕೆಲಸ ದಂಡ ಅನ್ನಲಾರೆ. ಎಲ್ಲರೂ ಮೇಲಿನ ಗ್ರಾನೈಟ್ ಕಲ್ಲಿನ ಫೋಟೋ ತೆಗೆಯುತ್ತಾರೆ, ಅಸಲಿ ಕೆಲಸ ಇರುವುದು ಅದರ ಕೆಳಗೆ. ನೀರು, ಒಳಚರಂಡಿ, ಮಳೆನೀರು, ಕರೆಂಟು, ಇಂಟರ್‌ನೆಟ್ ಕೇಬಲ್ಲು ಎಲ್ಲಕ್ಕೂ ಬೇರೆ ಬೇರೆ ದಾರಿ. ರಿಪೇರಿ ಬಂದರೆ ಮುಚ್ಚಳ ತೆಗೆದು ಇಳಿಯಬೇಕು, ರಸ್ತೆ ಕತ್ತರಿಸುವಂತಿಲ್ಲ. ನಿಮ್ಮೂರ ನಕ್ಷೆಯಲ್ಲಿ ಇದು ಇದೆಯಾ ಅಂತ ಮೊದಲು ನೋಡಿ. ಇಲ್ಲದಿದ್ದರೆ ಟೈಲ್ಸ್ ಹಾಕಿದ ಮರುತಿಂಗಳೇ ನೀರಿನವರು ಗುದ್ದಲಿ ಹಿಡಿದು ಬರುತ್ತಾರೆ.

ಇನ್ನು ಪಾರ್ಕಿಂಗ್. ಪಾರ್ಕಿಂಗ್ ತೆಗೆದರೆ ವ್ಯಾಪಾರ ಹೋಯಿತು ಅಂತ ಅಂಗಡಿಯವರೆಲ್ಲ ಗಲಾಟೆ ಮಾಡುವುದು ಮಾಮೂಲು, ನಾನೂ ಮಾಡಿದವನೇ. ಆದರೆ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಚರ್ಚ್ ಸ್ಟ್ರೀಟ್‌ಗೆ ಗಾಡಿಗಳನ್ನೇ ಬಿಡಲಿಲ್ಲ. ಕೊರೊನಾ ಕಾಲದಲ್ಲೂ ಜನ ನಡುಬೀದಿಯಲ್ಲಿ ಆರಾಮಾಗಿ ಓಡಾಡಿದರು. ನಡೆಯುವವನು ಸುಮ್ನೆ ಒಂದು ಕ್ಷಣ ನಿಂತು ಅಂಗಡಿ ಒಳಗೆ ಇಣುಕುತ್ತಾನೆ, ಕಾರಿನಲ್ಲಿ ಹೋಗುವವನು ಇಣುಕಲ್ಲ.

ನಗರಸಭೆ ಸಭೆ ಕರೆದರೆ ತಪ್ಪದೆ ಹೋಗಿ. ಇಡೀ ಬೀದಿ ಒಟ್ಟಿಗೆ ಅಗೆಯಬೇಡಿ, ಒಂದು ತುಂಡು ಮುಗಿದ ಮೇಲೆ ಇನ್ನೊಂದು ಶುರು ಮಾಡಿ ಅಂತ ಪಟ್ಟು ಹಿಡಿಯಿರಿ. ಹಬ್ಬದ ಸೀಸನ್‌ನಲ್ಲಿ ಗುಂಡಿ ಬೇಡವೇ ಬೇಡ.

ಅಂದಹಾಗೆ, ಅಂಗಡಿ ಸ್ವಂತದ್ದೋ ಬಾಡಿಗೆಯದ್ದೋ ಹೇಳಿಲ್ಲ. ಬಾಡಿಗೆಯದ್ದಾದರೆ ಹನ್ನೊಂದು ತಿಂಗಳ ಕರಾರು ನಂಬಿ ಕೂರಬೇಡಿ. ನೋಂದಣಿ ಖರ್ಚು ಜಾಸ್ತಿಯಾದರೂ ಸರಿ, ಗುದ್ದಲಿ ಬೀಳುವ ಮೊದಲೇ ನಾಲ್ಕೈದು ವರ್ಷಕ್ಕೆ ಬರೆಸಿಕೊಳ್ಳಿ. ನಮ್ಮ ಅಂಗಡಿ ಯಜಮಾನರು ಬರೆಸಿಕೊಂಡಿರಲಿಲ್ಲ. ಬೀದಿ ಚೆನ್ನಾಯಿತು, ಕಟ್ಟಡದವರು ಬಾಡಿಗೆ ಏರಿಸಿದರು. ಈಗ ಆ ಜಾಗದಲ್ಲಿ ಕಾಫಿ ಮಾರುತ್ತಾರೆ.